ವೀಣೆ ಕೆಳಗಿಡದೆ ನಾಂಪಲ್ಲಿಗೆ

ನಾಚಾರಂನಿಂದ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಎಂಟು ಜನ, ಒಂದು ವೀಣೆ. ಎಂಟೂವರೆ ಎಂದು ನನ್ನ ದಿನಚರಿ ಹೇಳುತ್ತದೆ. ನೆನಪಿನಲ್ಲಿ ಮಾತ್ರ ಆಗಲೇ ಬಿಸಿಲು ನೆತ್ತಿಗೇರಿದೆ. ಇಂಥ ವಿಷಯದಲ್ಲಿ ನಾನು ದಿನಚರಿಯನ್ನೇ ನಂಬುತ್ತೇನೆ. ಆದರೆ ಆ ದಿನದ ಹೆಸರಿನಲ್ಲಿ ಅಲ್ಲಿರುವುದು ನಾಲ್ಕೇ ಸಾಲು, ಮುಖ್ಯವಾದದ್ದು ಆ ನಾಲ್ಕರಲ್ಲಿ ಇಲ್ಲ. ಬೇಕೆಂದೇ ಬಿಟ್ಟಿದ್ದೆ. ಈಗ ನೆನಪು ಮಸುಕಾಗುವ ಮೊದಲು ಬರೆದಿಡುತ್ತಿದ್ದೇನೆ.

ನಾವು ಹೋಗುತ್ತಿದ್ದುದು ಕಾಲರಾ ಸೂಜಿ ಹಾಕಿಸಿಕೊಳ್ಳಲು. ಪೂರ್ವದ ದ್ವೀಪಗಳಿಂದ ಹೊರಟ ಆ ರೋಗ ದೇಶದಿಂದ ದೇಶಕ್ಕೆ ದಾಟುತ್ತಿದ್ದ ಕಾಲ ಅದು. ಆ ವರ್ಷ ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವವರು ಸೂಜಿ ಹಾಕಿಸಿಕೊಂಡ ಚೀಟಿ ತೋರಿಸದಿದ್ದರೆ ರೈಲು ಟಿಕೇಟು ಸಿಗುತ್ತಿರಲಿಲ್ಲ. ರೈಲು ಹತ್ತುವ ದಿನಕ್ಕೆ ಆ ಚೀಟಿಗೆ ಆರು ದಿನ ತುಂಬಿರಬೇಕು. ನಮ್ಮ ರೈಲು ಮುಂದಿನ ಶನಿವಾರ. ನಾವು ಹೊರಟದ್ದು ಈ ಶನಿವಾರ. ನಾಳೆ ರಜೆ, ಸೋಮವಾರ ಹಾಕಿಸಿಕೊಂಡರೆ ಐದೇ ದಿನ. ಸೂಜಿ ಹಾಕುವ ಡೇರೆ ನಾಂಪಲ್ಲಿ ನಿಲ್ದಾಣದ ಹತ್ತಿರದ ಬಯಲಿನಲ್ಲಿತ್ತು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮುಚ್ಚುತ್ತಿತ್ತು. ಹಿಂದಿನ ವಾರವೆಲ್ಲ ತೆರೆದಿದ್ದ ಡೇರೆಗೆ ಯಾಕೆ ಹೋಗಲಿಲ್ಲ ಎಂದರೆ, ಕಾರ್ಖಾನೆಯ ದವಾಖಾನೆಗೆ ಔಷಧ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎಲ್ಲರೂ ಕಾದು ಕೂತಿದ್ದರು.

ಎಂಟು ಜನರಲ್ಲಿ ಐವರು ನಾಚಾರಂನ ಒಂದೇ ಕಾರ್ಖಾನೆಯ ಕೆಲಸಗಾರರು, ಗುಲ್ಬರ್ಗ–ಬಿಜಾಪುರದ ಕಡೆಯವರು. ಆರನೆಯವನು ಅವರ ಭಜನಾ ಮೇಳದ ಮುಖ್ಯಸ್ಥ ಮಾರುತಿ ಭಾವ, ನನ್ನ ಅಕ್ಕನ ಗಂಡ. ಏಳನೆಯವಳು ಅಕ್ಕ ಸುಭದ್ರಾ. ಎಂಟನೆಯವನು ನಾನು: ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಬೇಗಂಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು.

ನಾನು ಭಕ್ತನಲ್ಲ. ಅಕ್ಕನಿಗಾಗಿ ಹೊರಟಿದ್ದೆ. ಹನ್ನೊಂದು ವರ್ಷಗಳಿಂದ ಅವಳು ಮೇಳದವರಿಗೆ ದಾರಿಯ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕಳಿಸುತ್ತಿದ್ದಳು. ತಾನು ಪಂಢರಪುರ ನೋಡಿರಲಿಲ್ಲ. ಭಾವನ ವಾದ ಒಂದೇ: “ನನ್ನ ಕೊಳ್ಳಾಗ ವೀಣಾ ಇರತೈತಿ. ಆ ಗದ್ದಲದಾಗ ನಿನ್ನ ಯಾರು ನೋಡಬೇಕ?” ಈ ಸಲ ಅದೇನು ಮನಸ್ಸಾಯಿತೋ, “ನಿನ್ನ ತಮ್ಮ ಬರತಾನಂದ್ರ ನೀನೂ ಬಾ” ಎಂದುಬಿಟ್ಟ. ಅಕ್ಕ ಮರುದಿನವೇ ನನ್ನ ಕೋಣೆಗೆ ಬಂದು, ರಜೆಯ ಅರ್ಜಿ ಬರೆಸಿ, ಅದು ಒಣಗುವವರೆಗೆ ಕೂತಿದ್ದಳು. ನನಗೆ ಸೂಜಿಯ ಚೀಟಿ ಸಿಗದಿದ್ದರೆ ನಾನಿಲ್ಲ. ನಾನಿಲ್ಲದಿದ್ದರೆ ಅವಳೂ ಇಲ್ಲ.

ವೀಣೆ ಯಾಕೆ ಬಂತು ಎಂಬುದನ್ನು ಹೇಳಬೇಕು. ಯಾತ್ರೆಗೆ ಮೊದಲು ಮೇಳದವರು ಏಳು ದಿನದ ಸಪ್ತಾಹ ಮಾಡುತ್ತಾರೆ. ಆ ಏಳೂ ದಿನ ವೀಣೆ ನೆಲ ಮುಟ್ಟುವಂತಿಲ್ಲ. ಸೋರೆಬುರುಡೆಯ, ತಂಬೂರಿಯ ಹಾಗಿರುವ ಸಣ್ಣ ವಾದ್ಯ ಅದು. ಹಗಲೂ ರಾತ್ರಿ ಒಬ್ಬರಲ್ಲ ಒಬ್ಬರು ಅದನ್ನು ಕೊರಳಿಗೆ ಹಾಕಿಕೊಂಡು, ನಿಂತೇ, ತಂತಿ ಮೀಟುತ್ತಿರಬೇಕು. ಸರದಿ ಬದಲಾಗುವಾಗ ಕೊಡುವವನು, ತೆಗೆದುಕೊಳ್ಳುವವನು ಒಬ್ಬರ ಕಾಲು ಒಬ್ಬರು ಮುಟ್ಟಬೇಕು. ಪಂಚಾಂಗ ನೋಡಿ ಶುಕ್ರವಾರ ಸಪ್ತಾಹ ಆರಂಭಿಸಿದ್ದರು. ಶನಿವಾರ ವೀಣೆ ಹಿಡಿಯುವ ಆರೂ ಜನ ನಾಂಪಲ್ಲಿಗೆ ಹೋಗಬೇಕು ಎಂಬುದು ಪಂಚಾಂಗದಲ್ಲಿ ಇರಲಿಲ್ಲ.

“ಮನ್ಯಾಗ ನಾ ಹಿಡಕೊಂಡಿರತೀನಿ, ನೀವು ಹೋಗಿ ಬರ್ರಿ. ಆಮ್ಯಾಲ ನಾವಿಬ್ಬರೂ ಹೋಗತೀವಿ,” ಎಂದು ಅಕ್ಕ ಹೇಳಿದ್ದಳಂತೆ.

“ಹೆಣ್ಣಮಕ್ಕಳ ಕೊಳ್ಳಾಗ ವೀಣಾ ಹಾಕೂ ಪದ್ಧತಿ ನಮ್ಮ ಮೇಳದಾಗ ಇಲ್ಲ,” ಎಂದಿದ್ದ ಭಾವ.

ಮೂವರು ಮೊದಲು ಹೋಗಿ, ಅವರು ಬಂದ ಮೇಲೆ ಉಳಿದವರು ಹೋಗಬಹುದಿತ್ತಲ್ಲ? ಈಗ ಕೇಳುತ್ತಿದ್ದೇನೆ. ಆಗ ಯಾರೂ ಕೇಳಲಿಲ್ಲ, ತರ್ಕಶಾಸ್ತ್ರದಲ್ಲಿ ಪಾಸಾದ ನಾನೂ ಕೇಳಲಿಲ್ಲ. ಅವರ ಫಜೀತಿ ನೋಡುವ ಆಸೆ ನನ್ನೊಳಗೆ ಎಲ್ಲೋ ಇತ್ತೇ ಎಂಬ ಅನುಮಾನವನ್ನೂ ಇಲ್ಲಿ ಬರೆದಿಡಬೇಕು.

ಮೊದಲ ಬಸ್ಸು ಸಿಕಂದರಾಬಾದಿಗೆ. ತಲೆಗೆ ಇಪ್ಪತ್ತು ಪೈಸೆ. ಮಳೆ ಎರಡು ದಿನ ಬಂದು ನಿಂತುಹೋಗಿ ಸೆಕೆ ಇನ್ನೂ ಹೆಚ್ಚಾಗಿತ್ತು. ಭಾವ ಬಾಗಿಲ ಹತ್ತಿರ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಒಂದು ಕೈ ವೀಣೆಯ ದಂಡಿಗೆಯ ಮೇಲೆ, ಇನ್ನೊಂದು ತಂತಿಯ ಮೇಲೆ. ಟುಂಯ್, ಟುಂಯ್. ಹತ್ತುವವರಿಗೂ ಇಳಿಯುವವರಿಗೂ ಬುರುಡೆ ತಾಗುತ್ತಿತ್ತು.

ಕಂಡಕ್ಟರ್ ತೆಲುಗಿನಲ್ಲಿ ವೀಣೆ ಕೆಳಗಿಡಲು ಹೇಳಿದ. ಭಾವ ತನ್ನ ಕಾರ್ಖಾನೆ ತೆಲುಗಿನಲ್ಲಿ, “ಪೆಟ್ಟಕೂಡದು ಬಾಬೂ, ವಾರಂ ರೋಜುಲು ಪೆಟ್ಟಕೂಡದು” ಎಂದ. ವಾರವಿಡೀ ಇಡುವಂತಿಲ್ಲ ಎಂದರೆ ಅದಕ್ಕೂ ಒಂದು ಟಿಕೇಟು ತೆಗೆದುಕೊಳ್ಳಿ ಎಂದ ಕಂಡಕ್ಟರ್.

ತಾಳ ಹಾಕುವ ಹಣಮಂತಪ್ಪ ಹಿಂದಿನಿಂದ ಕೂಗಿದ: “ತಗೊಂತೀವ್ರಿ ಟಿಕೇಟ! ಆದ್ರ ಅದಕ್ಕ ಸೀಟ ಕೊಡ್ರಿ ಮತ್ತ. ಕಿಡಕಿ ಕಡೀದ ಆಗಬೇಕ ನೋಡ್ರಿ.”

ಬಸ್ಸಿನಲ್ಲಿದ್ದವರು ನಕ್ಕರು. ಭಾವ ನಗಲಿಲ್ಲ. ಕಂಡಕ್ಟರ್ ಕೊನೆಗೆ ಕೈ ಮುಗಿದು ಮುಂದೆ ಹೋದ. ಅದು ವೀಣೆಗೆ ಮುಗಿದದ್ದೋ ನಮ್ಮ ಸಹವಾಸಕ್ಕೆ ಮುಗಿದದ್ದೋ ತಿಳಿಯಲಿಲ್ಲ.

ಸಿಕಂದರಾಬಾದಿನಲ್ಲಿ ಎರಡು ಬಸ್ಸು ನಮ್ಮನ್ನು ನೋಡಿ ನಿಲ್ಲಿಸದೇ ಹೋದವು. ಎದುರಿಗೆ ಇರಾನಿ ಹೋಟೆಲು. ಚಹದ ವಾಸನೆ ರಸ್ತೆ ದಾಟಿ ಬರುತ್ತಿತ್ತು. ಹೋಗೋಣವೇ ಎಂದೆ. ಸಪ್ತಾಹದಲ್ಲಿ ಹೊರಗಿನದು ಬಾಯಿಗೆ ಹಾಕುವಂತಿಲ್ಲ ಎಂದರು. ನಾನು ಸಪ್ತಾಹದಲ್ಲಿಲ್ಲವಲ್ಲ ಎಂದರೆ, “ಕೂಡಿ ಬಂದೀವಿ, ಕೂಡೇ ಇರೂನು” ಎಂದ ಭಾವ. ಮುಂಜಾನೆ ಅಕ್ಕ ಕೊಟ್ಟಿದ್ದ ಉಳ್ಳಾಗಡ್ಡಿಯಿಲ್ಲದ ಅವಲಕ್ಕಿಯನ್ನು ನೆನೆದುಕೊಂಡು ನಿಂತೆ. ಹತ್ತೂವರೆಗೆ ಎರಡಂತಸ್ತಿನ ಬಸ್ಸು ಸಿಕ್ಕಿತು. ಮೇಲಿನ ಅಂತಸ್ತಿನಲ್ಲಿ ಗಾಳಿ, ಖಾಲಿ ಸೀಟು, ಕೆರೆಯ ಏರಿಯ ನೋಟ. ಮೆಟ್ಟಿಲಲ್ಲಿ ವೀಣೆ ಹಿಡಿಸದು. ಎಂಟೂ ಜನ ಕೆಳಗೆ ಬೆವರುತ್ತ ನಿಂತೆವು.

ನಾಂಪಲ್ಲಿ ತಲುಪಿದಾಗ ಹನ್ನೊಂದು ದಾಟಿತ್ತು. ಡೇರೆಯ ಮುಂದೆ ನೂರಿನ್ನೂರು ಜನ. ಒಳಗೆ ಒಂದು ಮೇಜು, ಒಂದು ಸ್ಟೋವು, ಅದರ ಮೇಲೆ ಪಾತ್ರೆಯಲ್ಲಿ ಕುದಿಯುವ ಸೂಜಿಗಳು, ಸ್ಪಿರಿಟ್ ವಾಸನೆ. ಬಲಗಡೆ ಹಳೆಯ ಪರದೆ ಎಳೆದು ಹೆಂಗಸರ ಭಾಗ ಮಾಡಿದ್ದರು. ಸೂಜಿ ಹಾಕುತ್ತಿದ್ದವರು ಸಾಬಿರ್ ಸಾಹೇಬರೆಂಬ ಕಂಪೌಂಡರು: ನೆರೆತ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ಪ್ರತಿಯೊಬ್ಬರಿಗೂ ಒಂದೇ ಮಾತು, “ದೇಖೋ ನಕ್ಕೋ, ಉಧರ್ ದೇಖೋ.” ನೋಡಬೇಡ, ಅತ್ತ ನೋಡು ಎಂದು ಮುಖ ತಿರುಗಿಸುತ್ತಿದ್ದಂತೆ ಚುಚ್ಚಿ ಮುಗಿಸುತ್ತಿದ್ದರು.

ಹೆಂಗಸರ ಸಾಲು ಚಿಕ್ಕದು. ಅಕ್ಕ ಬೇಗ ಮುಗಿಸಿ ಬಂದಳು. ಕುಪ್ಪಸದ ತೋಳಿನ ಮೇಲೆ ಒಂದು ಹನಿ ರಕ್ತ. ಅದನ್ನು ನೋಡಿದ ಭಾವನಿಗೆ ಏನೋ ಹೊಳೆಯಿತು.

“ನೆತ್ತರ ಬರತೈತಲ್ಲ! ಹಂಗಾದ್ರ ಹಿಂಗ ಮಾಡೂನು. ವೀಣಾ ಕೊಳ್ಳಾಗಿದ್ದಾವ ಸೂಜಿ ಹಾಕಿಸಿಕೋಬಾರದು. ಹಾಕಿಸಿಕೊಂಡಾವ ಜಳಕ ಮಾಡೂತನಕ ವೀಣಾ ಮುಟ್ಟಬಾರದು.”

ಎಲ್ಲರೂ ಹೌದು ಹೌದು ಎಂದರು. ನಾನೂ ತಲೆಯಾಡಿಸಿದೆ.

ಸಾಲು ಸಾಗಿತು. ಐವರೂ ಒಬ್ಬೊಬ್ಬರಾಗಿ ತೋಳು ತಿಕ್ಕಿಕೊಳ್ಳುತ್ತ ಹೊರಬಂದರು. ಹನ್ನೆರಡೂ ಕಾಲಿಗೆ ಭಾವನ ಸರದಿ. ಅವನನ್ನು ಬಿಟ್ಟರೆ ಸೂಜಿ ಕಾಣದವನು ಉಳಿದಿದ್ದು ನಾನೊಬ್ಬ.

“ಜಳಕ ಮಾಡೀಯಿಲ್ಲೋ ಶಂಕ್ರಾ?”

“ಮಾಡೀನಿ.”

“ತುಳಸಿ ಮಾಲಿ ಇಲ್ಲ ಕೊಳ್ಳಾಗ. ಇರಲಿ, ಐದು ಮಿನಿಟಿನ ಮಾತು.” ಭಾವ ನನ್ನ ಕೊರಳಿಗೆ ವೀಣೆ ಹಾಕಿ, ಬಗ್ಗಿ ನನ್ನ ಕಾಲು ಮುಟ್ಟಿದ. ನನಗಿಂತ ಹದಿನೈದು ವರ್ಷ ದೊಡ್ಡವನು. ಮುಜುಗರದಿಂದ ನಾನೂ ಬಗ್ಗಲು ಹೋಗಿ ಬುರುಡೆ ಅವನ ತಲೆಗೆ ಬಡಿಯಿತು. ತಂತಿ ಮೀಟಲು ಹೇಳಿ ಒಳಗೆ ಹೋದ, ಎರಡು ನಿಮಿಷದಲ್ಲಿ ಬಂದ. ಮುಂದಿನ ಹೆಸರು ನನ್ನದು.

ಆಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವೀಣೆ ಕೊರಳಲ್ಲಿದ್ದರೆ ನನಗೆ ಸೂಜಿ ಹಾಕುವಂತಿಲ್ಲ. ಸೂಜಿ ಹಾಕಿಸಿಕೊಂಡ ಆ ಆರರಲ್ಲಿ ಯಾರೂ ವೀಣೆ ತೆಗೆದುಕೊಳ್ಳುವಂತಿಲ್ಲ. ಕೆಳಗಿಡುವ ಮಾತಂತೂ ಇಲ್ಲ.

ಹಣಮಂತಪ್ಪ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಸಾಹೇಬ್ರ, ನೀವು ಎಂ.ಎ. ಓದೀರಿ. ಇದಕ್ಕ ಪುಸ್ತಕದಾಗ ಏನರ ಹಾದಿ ಐತೇನ್ರಿ? ನಮಗಂತೂ ನೀವು ಗೂಟಕ್ಕ ಕಟ್ಟಿಧಂಗ ಕಾಣಾಕತ್ತೀರಿ.”

“ಹಾದಿ ಬಸ್ಸಿನ್ಯಾಗಿತ್ತು,” ಎಂದೆ ಸಿಟ್ಟಿನಿಂದ. “ಅಲ್ಲೇ ಯೋಚನಾ ಮಾಡಬೇಕಿತ್ತು.”

“ಮಾಡಬೇಕಿತ್ರೆಪಾ. ನೀವೂ ಅಲ್ಲೇ ಇದ್ರೆಲ್ಲ.”

ನಾನು ಜೋರಾಗಿ ತಂತಿ ಮೀಟಿದೆ.

ಭಾವ ದಾರಿ ಕಂಡುಹಿಡಿದ: ನಿಲ್ದಾಣದ ನಳದಲ್ಲಿ ಜಳಕ ಮಾಡಿ ಬಂದು ವೀಣೆ ತೆಗೆದುಕೊಳ್ಳುವುದು. “ಹತ್ತು ಮಿನಿಟ. ಬಂದ ಬಿಟ್ವಿ.” ಆರು ಗಂಡಸರೂ ಪಂಚೆ ಎತ್ತಿ ಕಟ್ಟಿಕೊಂಡು ನಡೆದರು. ಒಬ್ಬ ಮಿಂದು ಬಂದರೆ ಸಾಲದೇ, ಆರೂ ಜನ ಯಾಕೆ ಎಂದು ಕೂಗುವಷ್ಟರಲ್ಲಿ ರಸ್ತೆ ದಾಟಿದ್ದರು.

ಡೇರೆಯ ಬಾಯಿಯಲ್ಲಿ ನಿಂತು ತಂತಿ ಮೀಟತೊಡಗಿದೆ. ಅಕ್ಕ ಪಕ್ಕದಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ನಿಲ್ದಾಣಕ್ಕೆ ಹೋಗುವವರು ಕೆಲವರು ಕೈ ಮುಗಿದರು. ಒಬ್ಬ ಮುದುಕ ನನ್ನ ಕಾಲಿಗೆ ಬಿದ್ದ. ಕಚೇರಿಯ ಯಾರಾದರೂ ನೋಡಿಯಾರೆಂದು ಬುರುಡೆಯ ಹಿಂದೆ ಮುಖ ಮರೆಸಿಕೊಂಡೆ. ಹನ್ನೆರಡೂವರೆ. ಹನ್ನೆರಡೂ ಮುಕ್ಕಾಲು. ಸಾಲು ಕರಗಿತು. ನಮ್ಮವರ ಸುಳಿವಿಲ್ಲ.

ಸಾಬಿರ್ ಸಾಹೇಬರು ಸ್ಟೋವು ಆರಿಸುವ ಮೊದಲು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಕ್ಯಾ ಮಿಯಾ, ಸುಬೂ ಸೇ ಖಡೇಚ್ ಹೈ?” ಬೆಳಗಿನಿಂದ ನಿಂತೇ ಇದ್ದೀರಲ್ಲ ಎಂದು.

ನಾನು ವಿಷಯ ಹೇಳಿದೆ. ಅವರು ನಗಲಿಲ್ಲ. ಗಡ್ಡ ಕೆರೆದುಕೊಂಡು, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ, ಸೂಜಿ ಹಾಕಿದೆ ಎಂದು ಬರೆದುಬಿಡುತ್ತೇನೆ, ಚೀಟಿ ತೆಗೆದುಕೊಂಡು ಹೋಗಿ, ಒಬ್ಬನಿಗೆ ಹಾಕದಿದ್ದರೆ ಏನಾಗುತ್ತದೆ ಎಂದರು. ಕರುಣೆಯಿಂದಲೇ ಹೇಳಿದರು.

ಆಗ ನನ್ನ ಮನಸ್ಸು ಏನೆಂದಿತು? ಸೂಜಿಯ ನೋವಿಲ್ಲ, ಜ್ವರವಿಲ್ಲ, ಚೀಟಿ ಸಿಗುತ್ತದೆ, ಅಕ್ಕನ ಯಾತ್ರೆಯೂ ಉಳಿಯುತ್ತದೆ. ಆಗಲಿ ಎಂದೆ ಎಂದು ನೆನಪು. ಎನ್ನಲಿಲ್ಲ, ಎನ್ನುವವನಿದ್ದೆ ಎಂದು ಬರೆದರೆ ನನಗೆ ಹಿತ. ಆದರೆ ಅಂದೇ ಇರಬೇಕು. ಯಾಕೆಂದರೆ ಅಕ್ಕ ಥಟ್ಟನೆ ಎದ್ದು ಬಂದಳು.

“ಏನಂದ್ಯೋ?”

“ಚೀಟಿ ಸಿಕ್ಕರ ಆತಲ್ಲ ಅಕ್ಕಾ.”

“ಚೀಟಿ ತಗೊಂಡು ಏನ ಮಾಡ್ತಿ? ಚೀಟಿ ನೀರಿನ್ಯಾಗ ಕದಡಿ ಕುಡೀತಿ? ಸೀನ್ಯಾ ಹೋಗೂ ಮುಂದ ನೀ ಎರಡ ವರ್ಷದ ಕೂಸು. ನಿನಗೇನ ಗೊತ್ತು.”

ಸೀನ ನಮ್ಮ ಅಣ್ಣ. ಊರಿನಲ್ಲಿ ವಾಂತಿ ಭೇದಿ ಬಂದ ವರ್ಷ ಬೆಳಿಗ್ಗೆ ಆಡಲು ಹೋದವನು ಮರುದಿನ ಇರಲಿಲ್ಲ. ನನಗೆ ಅವನ ಮುಖ ನೆನಪಿದೆ ಎಂದು ಬಹಳ ದಿನ ನಂಬಿದ್ದೆ. ಅದು ಅಕ್ಕ ಹೇಳಿ ಹೇಳಿ ಮೂಡಿದ ಮುಖವೆಂದು ಆಮೇಲೆ ತಿಳಿಯಿತು. ಅವಳಿಗೆ ಆಗ ಒಂಬತ್ತು ವರ್ಷ. ಅವನ ಬಾಯಿಗೆ ರಾತ್ರಿಯಿಡೀ ಚಮಚದಿಂದ ನೀರು ಬಿಟ್ಟವಳು ಅವಳು. ಅಂದು ಆ ಬಯಲಿನಲ್ಲಿ ಸೂಜಿಯನ್ನು ಸೂಜಿ ಎಂದು ತಿಳಿದು ಬಂದವಳು ಅವಳೊಬ್ಬಳೇ. ನಮಗೆಲ್ಲ ಅದು ರೈಲು ಟಿಕೇಟಿನ ಒಂದು ತುಂಡಾಗಿತ್ತು.

“ನಿನಗ ಸೂಜಿ ಇಲ್ಲಂದ್ರ ನಾನೂ ಬರೂದಿಲ್ಲ,” ಎಂದಳು. “ಅಷ್ಟು ಮಂದಿ ಕೂಡೂ ಜಾಗ. ಇನ್ನೊಬ್ಬ ತಮ್ಮನ್ನ ಒಯ್ದು ಅಲ್ಲಿ ಬಿಟ್ಟು ಬರಾಕ ನನ್ನ ಕಡೆ ಆಗೂದಿಲ್ಲ.” ಪರದೆಯ ಕಡೆ ನಡೆದಳು. “ಇಲ್ಲಿ ಬಾ. ಅದನ್ನ ನನ್ನ ಕೊಳ್ಳಾಗ ಹಾಕು.”

“ಭಾವ?”

“ಭಾವ ಜಳಕ ಮಾಡಾಕ ಹೋಗ್ಯಾರ. ಲಗೂ ಬಾ.”

ಹೆಂಗಸರ ಭಾಗ ಆಗ ಖಾಲಿ. ಸಾಬಿರ್ ಸಾಹೇಬರು ಗಡಿಯಾರ ನೋಡಿ, ಕೊನೆಯ ಸೂಜಿಯನ್ನು ಪಾತ್ರೆಯಿಂದ ಎತ್ತಿಕೊಂಡು ಹಿಂದೆ ಬಂದರು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ವೀಣೆ ತೆಗೆದು ಅವಳ ಕೊರಳಿಗೆ ಹಾಕಿದೆ. ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹನ್ನೊಂದು ವರ್ಷ ಅಡಿಗೆಮನೆಯ ಬಾಗಿಲಿನಿಂದ ನೋಡಿದ್ದಳು. ಬುರುಡೆಯನ್ನು ಸೊಂಟದ ಹತ್ತಿರ ಆನಿಸಿ, ಕಣ್ಣು ಮುಚ್ಚಿ, ಮೀಟಿದಳು. ನಾನು ಮೀಟಿದಾಗ ಟುಂಯ್ ಎನ್ನುತ್ತಿದ್ದ ತಂತಿ ಅವಳ ಬೆರಳಿಗೆ ಬೇರೆಯೇ ದನಿ ಕೊಟ್ಟಿತು. ಹಾಗೆಂದು ನೆನಪು. ನನ್ನ ನೆನಪು ಚಂದ ಮಾಡಿ ಹೇಳುವ ಗುಣದ್ದು, ಆದ್ದರಿಂದ ಇದಕ್ಕೆ ನಾನು ಸಾಕ್ಷಿ ನಿಲ್ಲುವುದಿಲ್ಲ. ಆದರೆ ಸಾಬಿರ್ ಸಾಹೇಬರು ಸ್ಪಿರಿಟ್ಟಿನ ಹತ್ತಿ ಹಿಡಿದವರು ಚಣ ನಿಂತು, “ವಾಹ್ ಆಪಾ” ಎಂದದ್ದು ನಿಜ.

“ದೇಖೋ ನಕ್ಕೋ,” ಎಂದರು ನನಗೆ. ನಾನು ಅಕ್ಕನನ್ನೇ ನೋಡುತ್ತಿದ್ದೆ. ಸೂಜಿ ಹೋದದ್ದು ಗೊತ್ತಾಗಲಿಲ್ಲ.

ಎರಡು ನಿಮಿಷವಾಗಿರಬೇಕು, ಹೆಚ್ಚೆಂದರೆ ಮೂರು. ವೀಣೆ ಮತ್ತೆ ನನ್ನ ಕೊರಳಿಗೆ ಬಂತು, ಚೀಟಿ ಕಿಸೆಗೆ ಹೋಯಿತು. ಅಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ಕಲ್ಲಿನ ಮೇಲೆ ಮೊದಲಿನಂತೆ ಕೂತಳು.

ಒಂದೂ ಹತ್ತಕ್ಕೆ ಆರು ಗಂಡಸರು ಬಂದರು, ಹೋದಾಗಿನಷ್ಟೇ ಒಣಗಿಕೊಂಡು. ನಿಲ್ದಾಣದ ನಳದಲ್ಲಿ ನೀರು ಹನ್ನೊಂದಕ್ಕೇ ನಿಂತಿತ್ತು. ಪಕ್ಕದ ಛತ್ರದ ನೀರಿನ ತೊಟ್ಟಿಯಲ್ಲಿ ಮೀಯಬಹುದೆಂದು ಯಾರೋ ಹೇಳಿದರಂತೆ. ಅಲ್ಲಿ ಕಾವಲಿನವನು ಬಿಡಲಿಲ್ಲ. ಡೇರೆ ಬಿಚ್ಚುತ್ತಿದ್ದುದನ್ನು ಕಂಡು ಭಾವನ ಮುಖ ಕಪ್ಪಾಯಿತು. ನಾನು ಚೀಟಿ ತೋರಿಸಿದೆ.

ಭಾವ ಚೀಟಿ ನೋಡಿದ, ನನ್ನ ಕೊರಳ ವೀಣೆ ನೋಡಿದ, ತನಗೆ ತಾನೇ ಅರ್ಥ ಮಾಡಿಕೊಂಡ. “ಸೂಜಿ ಇಲ್ಲದ ಬರಸಿ ತಗೊಂಡಿ! ಶಾಬಾಷ್ ಶಂಕ್ರಾ. ವೀಣಾನೂ ಶುದ್ಧ ಉಳೀತು, ಚೀಟಿನೂ ಆತು.”

“ಎಂ.ಎ. ಅಂದ್ರ ಸುಮ್ಮನ ಅಲ್ಲ,” ಎಂದರು ಉಳಿದವರು.

ಅಕ್ಕ ನಿಲ್ದಾಣದ ಗಡಿಯಾರ ನೋಡುತ್ತಿದ್ದಳು. ನಾನು ನಿಜವಾದ ಚೀಟಿ ಹಿಡಿದುಕೊಂಡು ಸುಳ್ಳು ಚೀಟಿಗಾಗಿ ಹೊಗಳಿಸಿಕೊಳ್ಳುತ್ತ ನಿಂತೆ.

ಜಳಕವಾಗದ್ದರಿಂದ ವೀಣೆ ನಾಚಾರಂವರೆಗೆ ನನ್ನ ಕೊರಳಲ್ಲೇ ಬರಬೇಕಾಯಿತು. ಸಿಕಂದರಾಬಾದ್ ಬರುವಷ್ಟರಲ್ಲಿ ಎಡತೋಳು ಹೊತ್ತಿಕೊಂಡಂತೆ ಉರಿಯತೊಡಗಿತು. ಆ ಸೂಜಿಯ ಗುಣವೇ ಅದು. ಆರೂ ಜನ ತೋಳು ಹಿಡಿದುಕೊಂಡು, “ಅಬಬಾ” ಎನ್ನುತ್ತ ಸೀಟುಗಳಲ್ಲಿ ಕುಸಿದಿದ್ದರು. ನಾನು ನರಳುವಂತಿಲ್ಲ. ನನಗೆ ಸೂಜಿಯೇ ಆಗಿಲ್ಲವಲ್ಲ! ಬಸ್ಸು ಗುಂಡಿಗೆ ಇಳಿದಾಗಲೆಲ್ಲ ದಂಡಿಗೆ ಸರಿಯಾಗಿ ಸೂಜಿಯ ಜಾಗಕ್ಕೇ ಒತ್ತುತ್ತಿತ್ತು. ಮೈ ಬಿಸಿಯಾಗತೊಡಗಿತ್ತು. ತಂತಿ ಮೀಟುತ್ತಲೇ ಇರು ಎಂದು ಭಾವ ಕೂತಲ್ಲಿಂದ ಸನ್ನೆ ಮಾಡಿದ.

ಹಣಮಂತಪ್ಪ ನನ್ನನ್ನೇ ನೋಡುತ್ತಿದ್ದ. ಒಂದು ತಿರುವಿನಲ್ಲಿ ನನ್ನ ಬಾಯಿಂದ ಸಣ್ಣ ಸದ್ದು ಹೊರಟಿತು. ಅವನು ಎದ್ದು ಬಂದು, ಏನೂ ಕೇಳದೆ, ತನ್ನ ನೋಯದ ಕೈಯನ್ನು ನನ್ನ ಎಡ ಮೊಣಕೈಯ ಕೆಳಗೆ ಕೊಟ್ಟು ನಿಂತ. ವೀಣೆಗೆ ತಾಗದಂತೆ ನಿಂತ. ನಾಚಾರಂ ಬರುವವರೆಗೂ ಕೈ ತೆಗೆಯಲಿಲ್ಲ.

ನಾಲ್ಕು ಗಂಟೆಗೆ ಮನೆ. ಭಾವ ಹಿತ್ತಿಲಲ್ಲಿ ಎರಡು ಕೊಡ ನೀರು ಸುರಿದುಕೊಂಡು ಬಂದು, ನನ್ನ ಕಾಲು ಮುಟ್ಟಿ ವೀಣೆ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. “ಒಂದ ಗಳಿಗಿನೂ ವೀಣಾ ಖಂಡ ಆಗಲಿಲ್ಲ ನೋಡು,” ಎಂದ. ನಾನು ಅಂದು ಬೆಳಿಗ್ಗೆಯಿಂದ ಅವನ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟು ಆ ಕಣ್ಣಿನ ಎದುರು ನಿಲ್ಲಲಿಲ್ಲ. ಖಂಡವಾಗಲಿಲ್ಲ ಎಂಬುದಂತೂ ನಿಜ. ದಿನಚರಿಯಲ್ಲಿ ಬರೆದೆ: ಎಂಟೂವರೆಗೆ ಹೊರಟು ನಾಂಪಲ್ಲಿಗೆ ಹೋಗಿ ಬಂದೆವು. ಸೂಜಿ ಆಯಿತು. ಬಸ್ಸಿಗೆ ತೊಂದರೆ. ಜ್ವರ.

ಮುಂದಿನ ಶನಿವಾರ ನಾಂಪಲ್ಲಿಯಲ್ಲೇ ರೈಲು ಹತ್ತಿದೆವು. ಚೀಟಿ ನೋಡುವವನು ಎಂಟೂ ಚೀಟಿ ಎಣಿಸಿ, ದಿನ ಲೆಕ್ಕ ಹಾಕಿ, ತಲೆಯಾಡಿಸಿದ. ಸಪ್ತಾಹ ಮುಗಿದಿತ್ತು, ಭಾವ ವೀಣೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲೆ ಇಟ್ಟು, ಅದರ ಕೆಳಗೆ ಕೂತು ಕೂತಲ್ಲೇ ನಿದ್ದೆಹೋದ. ಅಕ್ಕ ಕಿಟಕಿಯ ಪಕ್ಕ. ರೈಲು ಹೊರಟಾಗ ಡೇರೆಯಿದ್ದ ಬಯಲು ಒಮ್ಮೆ ಕಂಡಿತು: ನಾಲ್ಕು ಗೂಟದ ಗುಳಿ, ಸ್ಟೋವು ಇಟ್ಟಲ್ಲಿ ಕಪ್ಪು ಕಲೆ. ಅವಳೂ ನೋಡಿದಳು.

ಬೇಗಂಪೇಟೆಯಲ್ಲಿ ನಮ್ಮ ಕಚೇರಿಯ ಹಿಂಗೋಡೆ ಹಿಂದೆ ಸರಿದ ಮೇಲೆ ನಾನು ಸೀಟಿನಿಂದ ಇಳಿದು, ಬಗ್ಗಿ, ಅಕ್ಕನ ಎರಡೂ ಕಾಲು ಮುಟ್ಟಿದೆ. ಯಾತ್ರೆಗೆ ಹೊರಟ ತಮ್ಮ ಅಕ್ಕನಿಗೆ ನಮಸ್ಕರಿಸುವುದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

“ಈಗ್ಯಾಕೋ ಶಂಕ್ರಾ?”

“ವೀಣಾ ತಿರುಗಿ ತಗೊಳ್ಳೂ ಮುಂದ ಮುಟ್ಟಬೇಕಿತ್ತು. ಅವತ್ತ ಮರತಿದ್ದೆ.”

ಅವಳು ಮೇಲಿನ ಹಲಗೆಯ ಗಂಟನ್ನು ನೋಡಿದಳು, ಗೊರಕೆ ಹೊಡೆಯುತ್ತಿದ್ದ ಗಂಡನನ್ನು ನೋಡಿದಳು. ಆಮೇಲೆ ತಾನೂ ಬಗ್ಗಿ, ಬುತ್ತಿಯ ಗಂಟು ಸರಿಸುವವಳಂತೆ, ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.